ಇರುಳನ್ನು ಅಳೆಯುವ ಗಿಡ, ದಿನವನ್ನು ಬರೆದಿಡುವ ತೋಟಗಾರ

ಅಂಗಳದ ದೀಪದ ಕೆಳಗಿದ್ದ ಸೇವಂತಿಗೆ ಕುಂಡವೊಂದು ನನ್ನನ್ನು ಒಂದು ವರ್ಷ ಬಹಳ ಕಾಡಿತು. ಒಂದೇ ತಾಯಿಗಿಡದ ಎರಡು ಕಡ್ಡಿಗಳನ್ನು ಎರಡು ಕುಂಡಗಳಲ್ಲಿ ನೆಟ್ಟಿದ್ದೆ. ಮಣ್ಣು ಒಂದೇ, ಗೊಬ್ಬರ ಒಂದೇ, ನೀರೆರೆಯುವ ಕೈಯೂ ಒಂದೇ. ಹಿತ್ತಲಿನ ಗಿಡ ಮೈತುಂಬ ಮೊಗ್ಗು ಹೊತ್ತು ನಿಂತಿತು. ಅಂಗಳದ ಗಿಡ ಮಾತ್ರ ಎಲೆಯ ಮೇಲೆ ಎಲೆ ಬಿಡುತ್ತ ಹಸಿರಾಗಿಯೇ ಉಳಿಯಿತು. ಗೊಬ್ಬರ ಹೆಚ್ಚಿಸಿದೆ, ತುದಿ ಚಿವುಟಿದೆ, ಫಲ ಸಿಗಲಿಲ್ಲ. ಆ ಗಿಡಕ್ಕೆ ಕತ್ತಲೆಯ ಕೊರತೆಯಾಗಿತ್ತು. ರಾತ್ರಿಯಿಡೀ ಉರಿಯುತ್ತಿದ್ದ ದೀಪ, ಇರುಳು ಬೆಳೆಯುತ್ತಿದೆ ಎಂಬ ಸುದ್ದಿಯನ್ನು ಅದಕ್ಕೆ ಮುಟ್ಟಗೊಟ್ಟಿರಲಿಲ್ಲ.

ಯಾವ ತಿಂಗಳಲ್ಲಿ ಏನು ಬಿತ್ತಬೇಕು ಎಂದು ಕೇಳುವವರ ಕೈಗೆ ಒಂದು ಪಟ್ಟಿ ಕೊಟ್ಟುಬಿಡುವುದು ಸುಲಭ. ಆದರೆ ಭೂಮಧ್ಯರೇಖೆಯಿಂದ ದೂರ ಹೋದಂತೆ ಆ ಪಟ್ಟಿ ಬದಲಾಗುತ್ತದೆ, ದಕ್ಷಿಣಾರ್ಧಗೋಳದಲ್ಲಿ ತಲೆಕೆಳಗಾಗುತ್ತದೆ. ತಿಂಗಳ ಹೆಸರು ಗಿಡಕ್ಕೆ ಗೊತ್ತಿಲ್ಲ. ಇರುಳಿನ ಉದ್ದ, ಮಣ್ಣಿನ ಕಾವು, ತಾನು ಹಾದುಬಂದ ಚಳಿ ಇವುಗಳಿಂದಲೇ ಅದು ಋತುವನ್ನು ಗುರುತಿಸುತ್ತದೆ. ಕೈತೋಟದಲ್ಲಿ ಪಳಗಿದವರನ್ನು ಗಮನಿಸಿ ನೋಡಿ, ಅವರೂ ಇವನ್ನೇ ನೋಡುತ್ತಿರುತ್ತಾರೆ.

ಇರುಳಿನ ಕತೆ ಬಯಲಾದದ್ದು ಹೂಬಿಡಲು ಒಪ್ಪದ ಒಂದು ತಂಬಾಕಿನಿಂದ. ಅಮೆರಿಕದ ಕೃಷಿ ಇಲಾಖೆಯ ವೈಟ್‌ಮನ್ ಗಾರ್ನರ್ ಮತ್ತು ಹ್ಯಾರಿ ಅಲ್ಲಾರ್ಡ್ ಬೆಳೆಸುತ್ತಿದ್ದ ‘ಮೇರಿಲ್ಯಾಂಡ್ ಮ್ಯಾಮತ್’ ಎಂಬ ತಳಿ ಬೇಸಗೆಯುದ್ದಕ್ಕೂ ಆಳೆತ್ತರ ಮೀರಿ ಬೆಳೆಯುತ್ತಿತ್ತು, ಹೂವಿನ ಸುಳಿವೇ ಇರಲಿಲ್ಲ. ಚಳಿಗಾಲದ ಗಾಜಿನ ಮನೆಯಲ್ಲಿ ಅದೇ ತಳಿ ಗಿಡ್ಡವಾಗಿದ್ದಾಗಲೇ ಹೂಬಿಡುತ್ತಿತ್ತು. ಅವರು ಉಷ್ಣತೆ, ಪೋಷಕಾಂಶ, ತೇವ ಎಲ್ಲವನ್ನೂ ಒಂದೊಂದಾಗಿ ಪರೀಕ್ಷಿಸಿ ಬದಿಗಿಟ್ಟರು. ಕೊನೆಗೆ 1918ರ ಜುಲೈನಲ್ಲಿ ಕುಂಡಗಳನ್ನು ದಿನವೂ ಸಂಜೆಗೆ ಮುಂಚೆಯೇ ಕತ್ತಲೆಯ ಗೂಡಿನೊಳಗೆ ಸರಿಸತೊಡಗಿದರು. ನಡುಬೇಸಗೆಯಲ್ಲಿ ಹಗಲನ್ನು ಹೀಗೆ ಮೊಟಕುಗೊಳಿಸಿದ್ದಕ್ಕೇ ತಂಬಾಕು ಹೂಬಿಟ್ಟಿತು. 1920ರಲ್ಲಿ ಪ್ರಕಟವಾದ ಈ ಕೆಲಸದ ಸರಳತೆಯನ್ನು ನೆನೆದಾಗಲೆಲ್ಲ ನನಗೆ ರೋಮಾಂಚನವಾಗುತ್ತದೆ. ಅವರಿಗೆ ಬೇಕಾದದ್ದು ಒಂದು ಕತ್ತಲೆ ಕೋಣೆ ಮತ್ತು ಕುಂಡ ಹೊರುವ ತಾಳ್ಮೆ ಮಾತ್ರ.

ಅವರು ಹಗಲಿನ ಉದ್ದ ಎಂದುಕೊಂಡದ್ದು ನಿಜವಾಗಿ ಇರುಳಿನ ಉದ್ದ ಎಂದು 1938ರಲ್ಲಿ ಕಾರ್ಲ್ ಹ್ಯಾಮ್ನರ್ ಮತ್ತು ಜೇಮ್ಸ್ ಬಾನರ್ ತೋರಿಸಿದರು. ಹೂಬಿಡಲು ದೀರ್ಘ ಇರುಳನ್ನು ಬೇಡುವ ಕಳೆಗಿಡವೊಂದಕ್ಕೆ ನಡುರಾತ್ರಿ ಕೆಲವೇ ನಿಮಿಷ ಬೆಳಕು ಬಿಟ್ಟರೂ ಸಾಕು, ಹೂಬಿಡುವ ಪ್ರಕ್ರಿಯೆ ನಿಂತುಹೋಗುತ್ತಿತ್ತು. ಬೆಳಕನ್ನು ಹೀಗೆ ಗುರುತಿಸುವುದು ಎಲೆಯಲ್ಲಿರುವ ಫೈಟೋಕ್ರೋಮ್ ಎಂಬ ವರ್ಣದ್ರವ್ಯ. ಎಲೆ ಇರುಳನ್ನು ಅಳೆದರೆ ಹೂ ಮೂಡುವುದು ತುದಿಯಲ್ಲಿ, ಹಾಗಾದರೆ ನಡುವೆ ಯಾರೋ ಸುದ್ದಿ ಒಯ್ಯಬೇಕಲ್ಲವೇ? ರಷ್ಯಾದ ಮಿಖಾಯಿಲ್ ಚೈಲಾಖ್ಯಾನ್ 1930ರ ದಶಕದಲ್ಲಿ ಆ ದೂತನಿಗೆ ‘ಫ್ಲೋರಿಜೆನ್’ ಎಂದು ಹೆಸರಿಟ್ಟರು. ಅದು ಎಲೆಯಿಂದ ತುದಿಗೆ ಸಾಗುವ ಒಂದು ಪುಟ್ಟ ಪ್ರೋಟೀನು ಎಂಬುದು ಖಚಿತವಾಗಲು 2007ರವರೆಗೆ ಕಾಯಬೇಕಾಯಿತು.

ಇದನ್ನು ಅರಿತರೆ ಕೈತೋಟದ ಎಷ್ಟೋ ನಿರಾಸೆಗಳಿಗೆ ಕಾರಣ ಸಿಗುತ್ತದೆ. ಹಗಲು ಉದ್ದವಾಗುತ್ತಿರುವಾಗ ಬಿತ್ತಿದ ಪಾಲಕ್ ಎಲೆ ಹಿಗ್ಗಿಸುವ ಮೊದಲೇ ಹೂದಂಟು ಎತ್ತುತ್ತದೆ. ಅದೇ ಬೀಜವನ್ನು ಹಗಲು ಕುಗ್ಗುವ ಕಾಲಕ್ಕೆ ಬಿತ್ತಿದರೆ ವಾರಗಟ್ಟಲೆ ಸೊಪ್ಪು ಕೊಯ್ಯಬಹುದು. ಈರುಳ್ಳಿ ಗಡ್ಡೆ ಕಟ್ಟುವುದಕ್ಕೂ ಹಗಲು ಇಷ್ಟು ಉದ್ದವಿರಬೇಕೆಂಬ ಲೆಕ್ಕವಿದೆ. ಕೆಲವು ತಳಿಗಳಿಗೆ ಸುಮಾರು 12 ಗಂಟೆಯ ಹಗಲು ಸಾಕು, ಕೆಲವಕ್ಕೆ 14ರಿಂದ 16 ಗಂಟೆ ಬೇಕು. ದೂರದ ಅಕ್ಷಾಂಶದ ತಳಿಯನ್ನು ತಂದು ಬಿತ್ತಿದವರು ಬರೀ ಎಲೆ ಕಂಡು ಮಣ್ಣನ್ನು ದೂರುವುದುಂಟು, ಪಾಪ, ಮಣ್ಣಿನದೇನೂ ತಪ್ಪಿರುವುದಿಲ್ಲ. ಕ್ಯಾರೆಟ್, ಬೀಟ್‌ರೂಟ್, ಎಲೆಕೋಸುಗಳಿಗೆ ಹೂಬಿಡುವ ಮುನ್ನ ಸಾಮಾನ್ಯವಾಗಿ ಕೆಲವು ವಾರಗಳ ಚಳಿಯ ಅನುಭವ ಆಗಿರಬೇಕು. ಬೀಜ ಉಳಿಸಿಕೊಳ್ಳುವವರು ಇದನ್ನು ನೆನಪಿಡಬೇಕು.

ಇನ್ನು ಮಣ್ಣಿನ ಕಾವು. ನನ್ನ ಮಟ್ಟಿಗೆ ಕೈತೋಟಕ್ಕೆ ಕೊಳ್ಳಬಹುದಾದ ಅತ್ಯಂತ ಉಪಯುಕ್ತ ಸಾಧನ ಒಂದು ಸಾಧಾರಣ ತಾಪಮಾಪಕ. ಬೆಳಿಗ್ಗೆ ನಾಲ್ಕು ಬೆರಳಿನ ಆಳಕ್ಕೆ ಚುಚ್ಚಿ ನೋಡಿದರಾಯಿತು. ಬಟಾಣಿ ಮತ್ತು ಲೆಟ್ಯೂಸ್ 5 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿಯೂ ನಿಧಾನವಾಗಿ ಮೊಳೆಯುತ್ತವೆ. ಸೌತೆ, ಬೆಂಡೆ ಬೀಜಗಳು 15 ಡಿಗ್ರಿಗಿಂತ ತಣ್ಣಗಿನ ಮಣ್ಣಿನಲ್ಲಿ ಮೊಳೆಯುವುದಕ್ಕಿಂತ ಕೊಳೆಯುವುದೇ ಹೆಚ್ಚು. ತದ್ವಿರುದ್ಧವಾಗಿ, ಮಣ್ಣು 30 ಡಿಗ್ರಿ ದಾಟಿದರೆ ಲೆಟ್ಯೂಸ್‌ನ ಅನೇಕ ತಳಿಗಳು ಮೊಳೆಯದೆ ನಿದ್ದೆಗೆ ಜಾರುತ್ತವೆ. ಆಗ ಪಾತಿಗೆ ನೆರಳು ಕಟ್ಟಿ, ಸಂಜೆ ತಣ್ಣೀರು ಎರೆದು ಬಿತ್ತಬೇಕು. ಬಿರುಬೇಸಗೆಯಲ್ಲಿ ಟೊಮೆಟೊ ಹೂವು ಕಾಯಾಗದೆ ಉದುರಿದರೆ ಗಾಬರಿ ಬೇಡ. ಸೆಕೆಗೆ ಪರಾಗ ಸೋತಿರುತ್ತದೆ, ರಾತ್ರಿ ತಂಪಾದ ಮೇಲೆ ಗಿಡ ಮತ್ತೆ ಕಾಯಿ ಕಚ್ಚುತ್ತದೆ.

ಇಂಥ ವಿವರಗಳನ್ನು ನಮಗೆ ದಕ್ಕಿಸಿಕೊಟ್ಟವರಲ್ಲಿ ಪ್ರಯೋಗಶಾಲೆಯ ಜನರಷ್ಟೇ ಇಲ್ಲ. ಇಂಗ್ಲೆಂಡಿನ ನಾರ್ಫಕ್‌ನಲ್ಲಿ ರಾಬರ್ಟ್ ಮಾರ್ಷಮ್ ಎಂಬ ಭೂಮಾಲೀಕ 1736ರಲ್ಲಿ ವಸಂತದ ಗುರುತುಗಳನ್ನು ಬರೆದಿಡಲು ಆರಂಭಿಸಿದರು. ಯಾವ ಮರ ಎಂದು ಚಿಗುರಿತು, ಯಾವ ಹೂವು ಎಂದು ಅರಳಿತು, ಕಪ್ಪೆ ಎಂದು ಕೂಗಿತು. ಅವರ ನಂತರ ಕುಟುಂಬದವರು ಆ ದಾಖಲೆಯನ್ನು 1958ರವರೆಗೂ ನಡೆಸಿಕೊಂಡು ಬಂದರು. ಚಳಿ ಕಡಿಮೆಯಾದ ವರ್ಷಗಳಲ್ಲಿ ಮರಗಳು ಎಷ್ಟು ಬೇಗ ಚಿಗುರುತ್ತವೆ ಎಂದು ತಿಳಿಯಲು ಇಂದಿನ ಹವಾಮಾನ ವಿಜ್ಞಾನಿಗಳು ಆ ಪುಟಗಳನ್ನೇ ತೆರೆಯುತ್ತಾರೆ. ಲೆಸ್ಟರ್ ನಗರದ ಜೆನ್ನಿಫರ್ ಓವೆನ್ ತರಬೇತಿಯಿಂದ ಪ್ರಾಣಿಶಾಸ್ತ್ರಜ್ಞೆ, ಆದರೆ ಅವರ ತೋಟ ಬಡಾವಣೆಯ ಸಾಮಾನ್ಯ ಮನೆತೋಟವೇ. 1972ರಿಂದ 30 ವರ್ಷ ಅಲ್ಲಿ ಕಂಡ ಜೀವಿಗಳನ್ನು ಎಣಿಸಿದ ಅವರ ಪಟ್ಟಿ 2,673 ಪ್ರಭೇದಗಳಿಗೆ ಮುಟ್ಟಿತು. ವಿಜ್ಞಾನಕ್ಕೇ ಹೊಸದಾದ ಪರಾವಲಂಬಿ ಕಣಜಗಳೂ ಅದರಲ್ಲಿದ್ದವು.

ಹೆಸರು ಅಚ್ಚಾಗದ ತೋಟಗಾರರೂ ಕಡಿಮೆಯವರಲ್ಲ. ಪಾತಿಯಲ್ಲಿ ಎಲ್ಲಕ್ಕಿಂತ ತಡವಾಗಿ ದಂಟೆತ್ತಿದ ಲೆಟ್ಯೂಸ್ ಗಿಡಕ್ಕೆ ದಾರ ಕಟ್ಟಿ, ಅದರ ಬೀಜವನ್ನಷ್ಟೇ ಮುಂದಿನ ವರ್ಷಕ್ಕೆ ಎತ್ತಿಡುವವರನ್ನು ನಾನು ಕಂಡಿದ್ದೇನೆ. ಹಗಲಿನ ಉದ್ದಕ್ಕೆ ನಿಧಾನವಾಗಿ ಓಗೊಡುವ ಜೀನುಗಳನ್ನು ಅವರು ವರ್ಷವರ್ಷವೂ ಆರಿಸುತ್ತಿರುತ್ತಾರೆ. ತಳಿ ವಿಜ್ಞಾನಿ ಮಾಡುವುದೂ ಇದನ್ನೇ. ಇಂಥ ತೋಟಗಾರರ ಬಳಿ ಒಂದು ಹಳೆಯ ನೋಟ್‌ಬುಕ್ ಇದ್ದೇ ಇರುತ್ತದೆ. ಬಿತ್ತಿದ ದಿನ, ಮೊಳೆತ ದಿನ, ಮೊದಲ ಹೂವು, ಮೊದಲ ಹುಳ, ಹೀಗೆ ಸಾಗುತ್ತವೆ ಸಾಲುಗಳು. ಇಂಥ ಪುಸ್ತಕ ಮೂರು ವರ್ಷ ತುಂಬಿದರೆ ಆ ಅಂಗಳಕ್ಕೆ ಹೊಂದುವ ಬಿತ್ತನೆಯ ಪಟ್ಟಿ ತಾನಾಗಿಯೇ ಸಿದ್ಧವಾಗುತ್ತದೆ, ಬೇರೆಯವರ ಪಟ್ಟಿಗಿಂತ ಅದನ್ನು ಹೆಚ್ಚು ನಂಬಬಹುದು.

ನನ್ನ ಪುಸ್ತಕದ ಮೊದಲ ಪುಟದಲ್ಲಿ ಅಂಗಳದ ಸೇವಂತಿಗೆಯಿದೆ. ಅದನ್ನು ಬೀದಿಯ ಬೆಳಕೂ ತಲುಪದ ಹಿತ್ತಲಿನ ಗೋಡೆಯ ಮರೆಗೆ ಸಾಗಿಸಿದೆ. ನಾಲ್ಕನೆಯ ವಾರ ತುದಿಯ ಎಲೆಗಳನ್ನು ಬಿಡಿಸಿ ನೋಡಿದಾಗ, ಸಾಸಿವೆಯಷ್ಟು ಗಾತ್ರದ ಮೊಗ್ಗು ಕುಳಿತಿತ್ತು.