ತೂರಾಡುವವನ ಸಮತೋಲ

ಹೆಬ್ಬೆರಳೂ ತೋರುಬೆರಳೂ ಪುಟ್ಟ ಬಟ್ಟಲನ್ನು ಹಿಡಿದಂತೆ ಬಾಗಿವೆ, ಉಳಿದ ಬೆರಳುಗಳು ಮಡಿಚಿಕೊಂಡಿವೆ. ಆ ಕೈ ಬಾಯಿಯ ಬಳಿಗೆ ಹೋಗುತ್ತದೆ, ಮೈ ಹಿಂದಕ್ಕೆ ವಾಲುತ್ತದೆ, ಹೆಜ್ಜೆಗಳು ಅಡ್ಡಾದಿಡ್ಡಿ ಬೀಳುತ್ತವೆ. ಮರುಕ್ಷಣವೇ ಅದೇ ಬಟ್ಟಲಿನ ಹಿಡಿ ಎದುರಾಳಿಯ ಗಂಟಲಿಗೋ ಮಣಿಕಟ್ಟಿಗೋ ಎರಗುತ್ತದೆ. ಚೀನಾದ 'ಝುಯಿ ಚುವಾನ್', ಅಂದರೆ ಕುಡುಕನ ಮುಷ್ಟಿ ಎಂಬ ಸಮರಕಲೆಯ ಗುರುತೇ ಈ ಕೈ. ಈ ಬಗೆಯ ವರಸೆಗಳು ಅಲ್ಲಿನ ಹಲವು ಶೈಲಿಗಳಲ್ಲಿದ್ದು, ಕೆಲವು ಚೀನಾದ ತಾವೋ ಧರ್ಮದ ಪುರಾಣಗಳಲ್ಲಿ ಬರುವ ಎಂಟು ಅಮರರನ್ನು ಅನುಕರಿಸುತ್ತವೆ. ಅವರಲ್ಲಿ ಕಬ್ಬಿಣದ ಊರುಗೋಲಿನ ಲಿ ತಿಯೆಗ್ವಾಯ್‌ಗೆ ಒಂದು ಕಾಲು ಊನ. ಆದ್ದರಿಂದ ಅವನ ವರಸೆಯಲ್ಲಿ ಒಂಟಿಗಾಲಿನ ನಿಲುವೇ ಮುಖ್ಯ.

ಈ ತೂರಾಟ ಕೆಡಿಸುವುದು ಎದುರಾಳಿಯ ಮೆದುಳು ಕಟ್ಟಿಕೊಳ್ಳುವ ಊಹೆಯನ್ನು. ಕಣ್ಣಿಗೆ ಕಂಡದ್ದಕ್ಕೆ ದೇಹ ಸ್ಪಂದಿಸಲು ಸುಮಾರು 200 ಮಿಲಿಸೆಕೆಂಡು ಬೇಕು, ಹತ್ತಿರದಿಂದ ಬಂದ ಗುದ್ದು ಅಷ್ಟರಲ್ಲಿ ಮೈಗೆ ತಾಗಿಬಿಡಬಹುದು. ಹಾಗಾಗಿ ಪಳಗಿದ ಕಾದಾಳು ಮುಷ್ಟಿ ಚಲಿಸುವುದಕ್ಕೆ ಮುಂಚೆಯೇ ಅಲುಗುವ ಭುಜ, ಸೊಂಟ, ಪಾದಗಳಿಂದ ಏಟಿನ ದಿಕ್ಕನ್ನು ಗ್ರಹಿಸುತ್ತಾನೆ. ಬ್ಯಾಟುಗಾರ ಸ್ಪಿನ್ನರನ ಮಣಿಕಟ್ಟನ್ನು ನೋಡಿ ಚೆಂಡಿನ ತಿರುವನ್ನು ಅಂದಾಜಿಸುವುದೂ ಹೀಗೆಯೇ. ಕುಡುಕನ ವರಸೆಯಲ್ಲಿ ಭುಜ ಒಂದೆಡೆ ಜೋತರೆ ಸೊಂಟ ಇನ್ನೊಂದೆಡೆ ತಿರುಗುವುದರಿಂದ, ಬರುವ ಏಟಿನ ಸುಳಿವು ಅರ್ಥವಿಲ್ಲದ ಅಲುಗಾಟಗಳ ನಡುವೆ ಹೂತುಹೋಗುತ್ತದೆ.

ನಿಜವಾಗಿ ಕುಡಿದವನಿಂದ ಇದು ಸಾಧ್ಯವೇ ಇಲ್ಲ. ಮದ್ಯವು ಚಲನೆಗಳನ್ನು ಹೊಂದಿಸುವ ಕಿರುಮೆದುಳನ್ನು ಮಂಕುಗೊಳಿಸುತ್ತದೆ. ಜೊತೆಗೆ ಒಳಕಿವಿಯ ಅರೆವೃತ್ತ ನಾಳಗಳಲ್ಲಿರುವ ಕುಪ್ಯುಲಾ ಎಂಬ ಮೆದುವಾದ ಪರದೆಯನ್ನು ಅದು ಸುತ್ತಲಿನ ದ್ರವಕ್ಕಿಂತ ಬೇಗ ಸೇರಿ ಹಗುರಗೊಳಿಸುವುದರಿಂದ, ಅಲುಗದೆ ಮಲಗಿದ್ದವನಿಗೂ ಕೋಣೆಯೇ ತಿರುಗಿದಂತೆ ಭಾಸವಾಗುತ್ತದೆ. ಇತ್ತ ವರಸೆಯವನು ತನ್ನ ಗುರುತ್ವ ಕೇಂದ್ರವನ್ನು ಪಾದಗಳ ಆಸರೆಯಿಂದ ಬೇಕೆಂದೇ ಹೊರಕ್ಕೆ ಜಾರಿಸಿ, ಬೀಳುವ ಮೊದಲೇ ಅದರಡಿಗೆ ಮತ್ತೊಂದು ಹೆಜ್ಜೆಯನ್ನು ತಂದಿಡಬೇಕು. ಇದಕ್ಕೆ ಅಮಲಿಲ್ಲದ ತಲೆಯೂ ವರ್ಷಗಳ ಅಭ್ಯಾಸವೂ ಬೇಕು.

ಈ ಕಲೆಯಲ್ಲಿ ನನಗೆ ಎಲ್ಲಕ್ಕಿಂತ ಸೊಗಸಾಗಿ ಕಾಣುವುದು ಬೀಳುವ ಬಗೆ. ಇಂದು ಇದು ಹೆಚ್ಚಾಗಿ ವುಶು ಎಂಬ ಚೀನೀ ಸಮರಕ್ರೀಡೆಯ ಪ್ರದರ್ಶನಗಳಲ್ಲಿ ಕಾಣಸಿಗುತ್ತದೆಯಾದರೂ, ಅಲ್ಲಿಯೂ ಬೀಳುವವನು ನೆಲಕ್ಕೆ ಬಡಿಯುವ ಬಲವನ್ನು ಭೌತವಿಜ್ಞಾನದ ನಿಯಮದಂತೆಯೇ ತಗ್ಗಿಸಿಕೊಳ್ಳುತ್ತಾನೆ: ಮೈಯನ್ನು ಉರುಳಿಸಿ ನಿಲ್ಲುವ ಕಾಲವನ್ನು ಹಿಗ್ಗಿಸುತ್ತಾನೆ, ಏಟನ್ನು ತೊಡೆ, ಬೆನ್ನು, ತೋಳುಗಳಿಗೆ ಹಂಚುತ್ತಾನೆ. ಸೋತು ಬಿದ್ದನೆಂದು ಎದುರಾಳಿ ಹತ್ತಿರ ಬರುವಷ್ಟರಲ್ಲಿ, ಬಿದ್ದವನ ಎರಡೂ ಕಾಲುಗಳು ಕತ್ತರಿಯಂತೆ ತೆರೆದು ಅವನ ಕಾಲನ್ನು ಹಿಡಿದಿರುತ್ತವೆ.