ಪದ ಪರಿಚಯ: ಡ್ರೋನ್ ಮೋಟಾರಿನ ‘ಕೆವಿ’

ನಮ್ಮಲ್ಲಿ ಕೆವಿ ಅಂದರೆ ಮೊದಲು ನೆನಪಾಗುವುದು ಊರಾಚೆ ಹಾದುಹೋಗುವ 11 ಕೆವಿ ಲೈನು, ಹೆದ್ದಾರಿ ಬದಿಯ 66 ಕೆವಿ ಸಬ್‌ಸ್ಟೇಷನ್ನು. ಅಲ್ಲಿನ ಕೆವಿ ಎಂದರೆ ಕಿಲೋವೋಲ್ಟ್. ಅದೇ ಕಣ್ಣಿನಿಂದ ಡ್ರೋನ್ ಮೋಟಾರಿನ ಮೇಲಿನ ‘1000ಕೆವಿ’ಯನ್ನು ಓದಿದರೆ, ಅಂಗೈಯಲ್ಲಿ ಅಡಗುವ ಮೋಟಾರಿಗೆ ಹತ್ತು ಲಕ್ಷ ವೋಲ್ಟ್ ಕೊಡಬೇಕಾದೀತು! ಇಲ್ಲಿನ ಕೆವಿ ಬೇರೆಯೇ. ‘ಕೆ’ ಎಂದರೆ ಸ್ಥಿರಾಂಕ. ಅದರ ಕಾಲಬುಡದಲ್ಲಿ ಚಿಕ್ಕದಾಗಿ ಬರೆಯಬೇಕಾದ ‘ವಿ’ಯನ್ನೂ ಮೋಟಾರಿನ ಮೇಲೆ ದೊಡ್ಡದಾಗಿ ಅಚ್ಚುಹಾಕಿದ್ದರಿಂದ ಈ ಗೊಂದಲ.

ಅರ್ಥ ಒಂದು ಸಾಲಿನದು: ಪ್ರೊಪೆಲ್ಲರ್ ಹಾಕದ ಮೋಟಾರು ಒಂದು ವೋಲ್ಟಿಗೆ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತದೋ ಅದೇ ಅದರ ಕೆವಿ. 1000ಕೆವಿ ಮೋಟಾರಿಗೆ 11.1 ವೋಲ್ಟ್ ಕೊಟ್ಟರೆ 11,100 ಆರ್‌ಪಿಎಂ.

ಹಾಗಿದ್ದರೆ ನೇರವಾಗಿ ಆರ್‌ಪಿಎಂ ಅನ್ನೇ ಬರೆಯಬಹುದಿತ್ತಲ್ಲ? ತೋಟದ ಪಂಪ್‌ಸೆಟ್ಟಿನ ಫಲಕದಲ್ಲಿ 2880 ಎಂದೋ 1440 ಎಂದೋ ಇರುತ್ತದೆ. ಅದಕ್ಕೆ ಬರುವ ಕರೆಂಟು 50 ಹರ್ಟ್ಸ್‌ನದು, ಆದ್ದರಿಂದ ವೇಗವೂ ಹೆಚ್ಚುಕಡಿಮೆ ಕಟ್ಟಿಟ್ಟದ್ದು. ಡ್ರೋನಿನ ಬ್ರಶ್‌ಲೆಸ್ ಮೋಟಾರಿಗೆ ಅಂಥ ಕಟ್ಟುಪಾಡಿಲ್ಲ. ಇಎಸ್‌ಸಿ, ಅಂದರೆ ಮೋಟಾರಿಗೂ ಬ್ಯಾಟರಿಗೂ ನಡುವೆ ಕೂರುವ ವೇಗ ನಿಯಂತ್ರಕ, ಕೊಟ್ಟಷ್ಟು ವೋಲ್ಟೇಜಿಗೆ ತಕ್ಕಂತೆ ಅದು ಓಡುತ್ತದೆ. ಯಾವ ಬ್ಯಾಟರಿ ಕಟ್ಟುತ್ತೀರಿ ಎಂಬುದು ತಯಾರಕರಿಗೆ ಗೊತ್ತಿಲ್ಲ, ಹಾಗಾಗಿ ‘ವೋಲ್ಟಿಗೆ ಇಷ್ಟು’ ಎಂದು ಹೇಳಿ ಕೈತೊಳೆದುಕೊಳ್ಳುತ್ತಾರೆ.

ಈ ಸಂಖ್ಯೆ ಹುಟ್ಟುವುದು ಸೈಕಲ್ ಡೈನಮೋದ ತತ್ತ್ವದಿಂದ. ತಿರುಗುವ ಮೋಟಾರು ಅದೇ ಹೊತ್ತಿಗೆ ಜನರೇಟರ್ ಕೂಡ. ಬ್ಯಾಟರಿಗೆ ಎದುರಾಗಿ ತಾನೂ ವೋಲ್ಟೇಜ್ ಹುಟ್ಟಿಸುತ್ತದೆ. ಆ ಎದುರು ವೋಲ್ಟೇಜ್ ಬ್ಯಾಟರಿಯದ್ದಕ್ಕೆ ಬಹುತೇಕ ಸಮನಾದಾಗ ವೇಗ ಏರುವುದು ನಿಲ್ಲುತ್ತದೆ. ಸುರುಳಿಯಲ್ಲಿ ತಂತಿಯ ಸುತ್ತು ಹೆಚ್ಚಿದ್ದರೆ ಎದುರು ವೋಲ್ಟೇಜ್ ಬೇಗ ಹುಟ್ಟುತ್ತದೆ, ಕೆವಿ ಕಡಿಮೆಯಾಗುತ್ತದೆ. ಇಂಜಿನಿಯರಿಂಗ್ ಕಾಲೇಜುಗಳ ಪ್ರಾಜೆಕ್ಟ್ ಡ್ರೋನುಗಳಲ್ಲಿ ಮತ್ತೆ ಮತ್ತೆ ಕಾಣುವ ಎ2212 ಮೋಟಾರನ್ನೇ ನೋಡಿ. 13 ಸುತ್ತಿನದು 1000ಕೆವಿ, 10 ಸುತ್ತಿನದು 1400ಕೆವಿ, 6 ಸುತ್ತಿನದು 2200ಕೆವಿ. ಸುತ್ತನ್ನೂ ಕೆವಿಯನ್ನೂ ಗುಣಿಸಿದರೆ ಮೂರರಲ್ಲೂ 13,000ದಿಂದ 14,000ದೊಳಗಿನ ಉತ್ತರವೇ ಬರುತ್ತದೆ. ಕಬ್ಬಿಣ, ಅಯಸ್ಕಾಂತ, ಹೊರಮೈ ಎಲ್ಲವೂ ಅವೇ. ಬದಲಾಗಿರುವುದು ತಂತಿಯ ಸುತ್ತು ಮತ್ತು ದಪ್ಪ ಮಾತ್ರ.

ಇದು ಅರ್ಥವಾದರೆ ಎರಡು ತಪ್ಪು ಕಲ್ಪನೆಗಳು ಒಟ್ಟಿಗೇ ಬೀಳುತ್ತವೆ. ‘ಕೆವಿ ಹೆಚ್ಚಿದ್ದರೆ ಶಕ್ತಿ ಹೆಚ್ಚು’ ಎಂಬುದು ಒಂದು. ಅದನ್ನು ಬಿಡಿಸಿ ಹೇಳಬೇಕಿಲ್ಲ. ಎರಡನೆಯದು ಹೆಚ್ಚು ಮೊಂಡು, ಸಾಕಷ್ಟು ತಿಳಿದವರ ಬಾಯಲ್ಲೂ ಬರುವಂಥದ್ದು: ‘ಕೆವಿ ಕಡಿಮೆಯಿದ್ದರೆ ಟಾರ್ಕ್ ಹೆಚ್ಚು’. ಟಾರ್ಕ್ ಅಂದರೆ ತಿರುಗಿಸುವ ಬಲ. ಈ ಮಾತು ಅರ್ಧ ನಿಜ. 9.55 ಅನ್ನು ಕೆವಿಯಿಂದ ಭಾಗಿಸಿದರೆ ಒಂದು ಆಂಪಿಯರಿಗೆ ಸಿಗುವ ಟಾರ್ಕ್ ನ್ಯೂಟನ್ ಮೀಟರಿನಲ್ಲಿ ಬರುತ್ತದೆ. 1000ಕೆವಿಗೆ 0.0096, 2200ಕೆವಿಗೆ 0.0043. ಇಷ್ಟು ನೋಡಿದರೆ 1000ಕೆವಿಯೇ ಗೆದ್ದಂತೆ. ಆದರೆ ಅದೇ ಜಾಗದಲ್ಲಿ 6ರ ಬದಲು 13 ಸುತ್ತು ತುರುಕಬೇಕಾದರೆ ತಂತಿ ಸಣ್ಣದಾಗಲೇಬೇಕು. ರೋಧ ನಾಲ್ಕೂವರೆ ಪಟ್ಟಿಗೂ ಮಿಕ್ಕಿ ಏರುತ್ತದೆ. ಲೆಕ್ಕ ಹಾಕಿ ನೋಡಿದರೆ, ಅಷ್ಟೇ ಬಿಸಿಯಾಗಲು ಬಿಟ್ಟಾಗ ಎರಡೂ ಕೊಡುವ ಟಾರ್ಕ್ ಒಂದೇ. ಒಂದು ಹೆಚ್ಚು ವೋಲ್ಟು, ಕಡಿಮೆ ಆಂಪಿಯರಿನಲ್ಲಿ ಕೊಡುತ್ತದೆ. ಇನ್ನೊಂದು ಕಡಿಮೆ ವೋಲ್ಟು, ಹೆಚ್ಚು ಆಂಪಿಯರಿನಲ್ಲಿ. ನಿಜವಾದ ಕಸುವು ಬೇಕಿದ್ದರೆ ನೋಡಬೇಕಾದದ್ದು ಕೆವಿಯನ್ನಲ್ಲ, ಅದರ ಪಕ್ಕದ ನಾಲ್ಕಂಕಿಯನ್ನು. 2207 ಎಂದರೆ ಸ್ಟೇಟರಿನ, ಅಂದರೆ ತಂತಿ ಸುತ್ತಿದ ತಿರುಗದ ಕಬ್ಬಿಣದ ಭಾಗದ, ಅಡ್ಡಳತೆ 22 ಮಿ.ಮೀ., ಎತ್ತರ 7 ಮಿ.ಮೀ. (ಕೆಲವು ತಯಾರಕರು ಸ್ಟೇಟರ್ ಬಿಟ್ಟು ಹೊರಮೈ ಅಳತೆ ಕೊಡುತ್ತಾರೆ, 2212 ಗಾತ್ರದ್ದೇ ಮೋಟಾರು 2830 ಎಂಬ ಹೆಸರಿನಲ್ಲಿ ಸಿಗುವುದು ಹೀಗೆ. ದೊಡ್ಡದು ಸಿಕ್ಕಿತೆಂದು ಹಿಗ್ಗಬೇಡಿ.)

ಪ್ರೊಪೆಲ್ಲರ್ ನಡುವೆ ಬಂದಾಗ

ಕೆವಿಗೆ ಅರ್ಥ ಬರುವುದು ಪ್ರೊಪೆಲ್ಲರ್ ಜೊತೆಗೆ. 1045 ಎಂದರೆ 10 ಇಂಚು ಉದ್ದ, 4.5 ಇಂಚು ಪಿಚ್. ಪಿಚ್ ಅಂದರೆ ಜಾರದೆ ಒಂದು ಸುತ್ತು ತಿರುಗಿದರೆ ಗಾಳಿಯಲ್ಲಿ ಎಷ್ಟು ಮುಂದೆ ಸಾಗಬೇಕು ಎಂಬ ಅಳತೆ. ಗಾಳಿ ತಳ್ಳತೊಡಗಿದ ಮೇಲೆ ಲೆಕ್ಕದ ವೇಗ ಸಿಗುವುದಿಲ್ಲ; ಪೂರ್ತಿ ಥ್ರಾಟಲಿನಲ್ಲಿ ಅದರ ಶೇ 70ರಿಂದ 80ರಷ್ಟು ಸಿಕ್ಕರೆ ಜೋಡಿ ಸರಿಯಾಗಿದೆ ಎನ್ನಬಹುದು.

ಇಲ್ಲಿ ಮರೆಯಬಾರದ ನಿಯಮಗಳಿವೆ. ಎತ್ತುವ ಬಲ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಮೋಟಾರು ಕುಡಿಯುವ ವಿದ್ಯುತ್ತು ವೇಗದ ಘನಕ್ಕೆ ತಕ್ಕಂತೆ ಏರುತ್ತದೆ. ವೇಗ ಶೇ 20 ಏರಿದರೆ ಎತ್ತುವ ಬಲ ಶೇ 44 ಏರುತ್ತದೆ, ಆದರೆ ವಿದ್ಯುತ್ತು ಶೇ 73 ಏರುತ್ತದೆ. ರೆಕ್ಕೆಯ (ಪ್ರೊಪೆಲ್ಲರಿನ) ಅಡ್ಡಳತೆ ಹೆಚ್ಚಿದರಂತೂ ವಿದ್ಯುತ್ತು ಅದರ ಐದನೇ ಘಾತಕ್ಕೆ ತಕ್ಕಂತೆ ಏರುತ್ತದೆ. ಒಂದು ಇಂಚು ದೊಡ್ಡ ರೆಕ್ಕೆ ಹಾಕಿ ‘ಸ್ವಲ್ಪ ತಾನೆ’ ಅಂದುಕೊಳ್ಳುವವರ ಇಎಸ್‌ಸಿಗಳು ಸುಡುವುದು ಈ ಐದನೇ ಘಾತದಿಂದ.

ಎಫ್450 ಚೌಕಟ್ಟಿನ ಉದಾಹರಣೆ ಹಿಡಿಯೋಣ. ಎ2212 1000ಕೆವಿ, 1045 ರೆಕ್ಕೆ, 30 ಆಂಪಿಯರ್ ಇಎಸ್‌ಸಿ, 3ಎಸ್ ಲಿಪೊ (ಮೂರು ಸೆಲ್ಲುಗಳನ್ನು ಸರಣಿಯಲ್ಲಿ ಜೋಡಿಸಿದ ಲಿಥಿಯಂ ಪಾಲಿಮರ್ ಬ್ಯಾಟರಿ). ಒಂದೊಂದು ಮೋಟಾರು ಸುಮಾರು 800 ಗ್ರಾಂ ಎತ್ತುತ್ತದೆ. ನಾಲ್ಕು ಸೇರಿ 3.2 ಕಿಲೋ. ಡ್ರೋನ್ 1.3 ಕಿಲೋ ತೂಗಿದರೆ ಎರಡು ಪಟ್ಟಿಗಿಂತ ಮೇಲೆ. ಥ್ರಾಟಲ್ ಅರ್ಧದ ಆಸುಪಾಸಿನಲ್ಲಿ ತೇಲುತ್ತದೆ. ಈಗ ‘ಇನ್ನಷ್ಟು ಏರಲಿ’ ಎಂದು 4ಎಸ್ ಬ್ಯಾಟರಿ ಹಾಕುತ್ತಾರೆ. ವೋಲ್ಟೇಜ್ 11.1ರಿಂದ 14.8ಕ್ಕೆ, ಅಂದರೆ 1.33 ಪಟ್ಟು. ಘನ ಮಾಡಿದರೆ ವಿದ್ಯುತ್ತು 2.4 ಪಟ್ಟಿನತ್ತ ಏರುತ್ತದೆ. ಮೋಟಾರು ನಿಮಿಷದೊಳಗೆ ಮುಟ್ಟಲಾಗದಷ್ಟು ಕಾಯುತ್ತದೆ. 4ಎಸ್ ಬೇಕೇಬೇಕಿದ್ದರೆ 8045 ರೆಕ್ಕೆಗೆ ಇಳಿಯಿರಿ: 0.8ರ ಐದನೇ ಘಾತ 0.33, ಅದನ್ನು 2.4ಕ್ಕೆ ಗುಣಿಸಿದರೆ ಮೊದಲಿಗಿಂತ ಸ್ವಲ್ಪ ಕಡಿಮೆಯೇ. ಇನ್ನೂ ಕೆಟ್ಟ ಜೋಡಿ ಎಂದರೆ, 2200ಕೆವಿ ಎ2212ಕ್ಕೆ ಅದೇ 1045 ರೆಕ್ಕೆ. ಆ ಮೋಟಾರು 6 ಇಂಚಿನ ಪ್ರೊಪೆಲ್ಲರಿನ ಚಿಕ್ಕ ಮಾದರಿ ವಿಮಾನಗಳಿಗೆಂದು ಸುತ್ತಿದ್ದು. 10 ಇಂಚಿನದನ್ನು ತಿರುಗಿಸಹೊರಟರೆ ಅದು ತನ್ನ ವೇಗದ ಹತ್ತಿರಕ್ಕೂ ಹೋಗಲಾರದು. ಎದುರು ವೋಲ್ಟೇಜ್ ಹುಟ್ಟದೆ ಕರೆಂಟು ಎಗ್ಗಿಲ್ಲದೆ ಹರಿದು, ಮೊದಲು ವಾರ್ನಿಷ್ ಸುಟ್ಟ ವಾಸನೆ, ಆಮೇಲೆ ಇಎಸ್‌ಸಿಯಿಂದ ಹೊಗೆ.

ಗಾತ್ರದ ಎರಡು ತುದಿಗಳನ್ನು ಪಕ್ಕಪಕ್ಕ ಇಟ್ಟರೆ ಒಂದು ಸೊಗಸಾದ ಸಂಗತಿ ಕಾಣುತ್ತದೆ. ಮನೆಯೊಳಗೆ ಹಾರಿಸುವ 65 ಮಿ.ಮೀ. ಡ್ರೋನಿನಲ್ಲಿ 0802 ಗಾತ್ರದ 19,000ಕೆವಿ ಮೋಟಾರು, 1ಎಸ್ ಬ್ಯಾಟರಿ, 31 ಮಿ.ಮೀ. ರೆಕ್ಕೆ. ಹೊಲಕ್ಕೆ ಔಷಧಿ ಹೊಡೆಯುವ ದೊಡ್ಡ ಡ್ರೋನಿನಲ್ಲಿ 100ಕೆವಿ ಆಸುಪಾಸಿನ ಮೋಟಾರು, 12ಎಸ್, 30 ಇಂಚಿನ ರೆಕ್ಕೆ. ಕೆವಿಯಲ್ಲಿ 190 ಪಟ್ಟು ಅಂತರ. ಹೊರೆಯಿಲ್ಲದ ಲೆಕ್ಕದಲ್ಲಿ ರೆಕ್ಕೆಯ ತುದಿಯ ವೇಗ ನೋಡಿ: ಚಿಕ್ಕದರಲ್ಲಿ ಸೆಕೆಂಡಿಗೆ ಸುಮಾರು 114 ಮೀಟರ್, ದೊಡ್ಡದರಲ್ಲಿ 177. ರೇಸಿಂಗಿನ 5 ಇಂಚಿನ ರೆಕ್ಕೆ 6ಎಸ್, 1750ಕೆವಿಯಲ್ಲಿ 258. ಶಬ್ದದ ವೇಗ 343 ಮೀಟರಿನ ಸುಮಾರು; ತುದಿ ಅದರ ಹತ್ತಿರ ಹೋದಂತೆ ಗದ್ದಲ ಹೆಚ್ಚಿ ಲಾಭ ಕುಸಿಯುತ್ತದೆ. ಅಂದರೆ ರೆಕ್ಕೆ ಎಷ್ಟು ದೊಡ್ಡದಾದರೂ ಅದರ ತುದಿಗೆ ಹಿತವಾದ ವೇಗದ ಪಟ್ಟಿ ಕಿರಿದು. ನಿಮ್ಮ ಬ್ಯಾಟರಿಯ ವೋಲ್ಟೇಜಿನಲ್ಲಿ ನಿಮ್ಮ ರೆಕ್ಕೆಯನ್ನು ಆ ಪಟ್ಟಿಯೊಳಗೆ ತಂದು ನಿಲ್ಲಿಸುವ ಸಂಖ್ಯೆಯೇ ಕೆವಿ. ಆದ್ದರಿಂದ ಅದನ್ನು ಆರಿಸುವುದು ಕೊನೆಗೆ: ಚೌಕಟ್ಟು ರೆಕ್ಕೆಯನ್ನು ಹೇಳುತ್ತದೆ, ರೆಕ್ಕೆ ಮೋಟಾರಿನ ಗಾತ್ರವನ್ನು ಹೇಳುತ್ತದೆ, ಬ್ಯಾಟರಿ ತೀರ್ಮಾನವಾದ ಮೇಲೆ ಕೆವಿ.

4ಎಸ್‌ನಿಂದ 6ಎಸ್‌ಗೆ

5 ಇಂಚಿನ ಡ್ರೋನುಗಳಲ್ಲಿ 2207 ಗಾತ್ರದ್ದೇ ಮೋಟಾರು 2450ಕೆವಿಯಲ್ಲೂ 1750ಕೆವಿಯಲ್ಲೂ ಸಿಗುತ್ತದೆ. ಮೊದಲನೆಯದು 4ಎಸ್‌ಗೆ: 2450ನ್ನು 14.8ರಿಂದ ಗುಣಿಸಿದರೆ 36,260. ಎರಡನೆಯದು 6ಎಸ್‌ಗೆ: 1750ನ್ನು 22.2ರಿಂದ ಗುಣಿಸಿದರೆ 38,850. ವೇಗ ಹೆಚ್ಚುಕಡಿಮೆ ಒಂದೇ ಆದರೂ ಜನ 6ಎಸ್‌ಗೆ ಹೋದದ್ದು ಕರೆಂಟಿನ ಕಾರಣಕ್ಕೆ. 1500 ವಾಟ್ ಎಳೆಯುವಾಗ 4ಎಸ್‌ನಲ್ಲಿ 101 ಆಂಪಿಯರ್, 6ಎಸ್‌ನಲ್ಲಿ 68. ತಂತಿ, ಬೆಸುಗೆ, ಎಕ್ಸ್‌ಟಿ60 ಕನೆಕ್ಟರುಗಳಲ್ಲಿ ಬಿಸಿಯಾಗಿ ಹೋಗುವ ನಷ್ಟ ಆಂಪಿಯರಿನ ವರ್ಗಕ್ಕೆ ತಕ್ಕಂತೆ ಇರುವುದರಿಂದ ಅದು ಅರ್ಧಕ್ಕಿಂತ ಕೆಳಗಿಳಿಯುತ್ತದೆ, ಥ್ರಾಟಲ್ ಒತ್ತಿದಾಗ ವೋಲ್ಟೇಜ್ ಕುಸಿಯುವುದೂ ಕಡಿಮೆ.

ಎಡವಟ್ಟು ಆಗುವುದು ಹಳೆಯ 2450ಕೆವಿ ಮೋಟಾರಿಗೆ ಹೊಸ 6ಎಸ್ ಬ್ಯಾಟರಿ ಕಟ್ಟಿದಾಗ. ಪೂರ್ತಿ ಚಾರ್ಜಿನ 25.2 ವೋಲ್ಟಿಗೆ ಲೆಕ್ಕ 61,740 ಆರ್‌ಪಿಎಂ. ಡ್ರೋನಿನ ಹಾರಾಟ ನಿಯಂತ್ರಿಸುವ ತಂತ್ರಾಂಶವಾದ ಬೀಟಾಫ್ಲೈಟಿನಲ್ಲಿ ಮೋಟಾರ್ ಔಟ್‌ಪುಟ್ ಲಿಮಿಟ್ ಅನ್ನು ಶೇ 66ಕ್ಕೆ ಇಳಿಸಿ ಹಾರಿಸುವವರಿದ್ದಾರೆ, ತುರ್ತಿಗೆ ಆದೀತು. ಆದರೆ ಇಎಸ್‌ಸಿಯ ಪ್ರತಿ ಮಿಡಿತದಲ್ಲೂ ಸುರುಳಿಗೆ ಬಡಿಯುವುದು ಪೂರ್ತಿ ವೋಲ್ಟೇಜೇ, ಮಿತಿ ಹಾಕುವುದು ಮಿಡಿತದ ಅವಧಿಗೆ ಮಾತ್ರ. ಇಎಸ್‌ಸಿಯ ಮೇಲೆ 6ಎಸ್ ಎಂದು ಬರೆದಿಲ್ಲದಿದ್ದರೆ ಈ ಪ್ರಯೋಗವೇ ಬೇಡ.

ಕೆವಿ ತೀರಾ ಕಡಿಮೆಯಾದರೆ ಏನೂ ಸುಡುವುದಿಲ್ಲ, ಅದಕ್ಕೇ ಜನ ಅದನ್ನು ಗುರುತಿಸುವುದು ತಡ. ತೇಲಲೇ ಥ್ರಾಟಲ್ ಶೇ 70 ಬೇಕಾಗುತ್ತದೆ, ಗಾಳಿ ಬೀಸಿದಾಗ ಸರಿಪಡಿಸಿಕೊಳ್ಳಲು ಮೇಲೆ ಜಾಗವಿರುವುದಿಲ್ಲ. ಬ್ಯಾಟರಿ ಇಳಿದಾಗಲಂತೂ ಇನ್ನೂ ಕಷ್ಟ: ಸೆಲ್ಲಿಗೆ 4.2ರಿಂದ 3.5ಕ್ಕೆ ಬಂದರೆ ವೇಗ ಶೇ 17, ಎತ್ತುವ ಬಲ ಶೇ 30ರಷ್ಟು ಕಡಿಮೆ. ಚಾರ್ಜ್ ತುಂಬಿದಾಗ ಲಕ್ಷಣವಾಗಿ ಹಾರಿ, ಇಳಿಯುವ ಹೊತ್ತಿಗೆ ಧೊಪ್ಪೆಂದು ಬೀಳುವ ಡ್ರೋನಿನ ಕಾಯಿಲೆ ಅನೇಕ ಸಲ ಇದೇ.

ಬರೆದದ್ದು ನಿಜವೇ ಎಂದು ನೋಡುವುದು

ಲೇಬಲ್ಲಿನ ಕೆವಿಗೂ ನಿಜಕ್ಕೂ ಶೇ 5ರ ವ್ಯತ್ಯಾಸ ಸಾಮಾನ್ಯ. ಅಳೆಯಲು ಸುಲಭದ ದಾರಿ ಮೋಟಾರನ್ನು ಡೈನಮೋ ಮಾಡುವುದು. ಮೋಟಾರನ್ನು ಇಎಸ್‌ಸಿಯಿಂದ ಬಿಡಿಸಿ, ಶಾಫ್ಟನ್ನು ಡ್ರಿಲ್ಲಿಗೆ ಕಚ್ಚಿಸಿ, ಬುಡವನ್ನು ಗಟ್ಟಿಯಾಗಿ ಹಿಡಿದು, ಗೊತ್ತಿರುವ ವೇಗದಲ್ಲಿ ತಿರುಗಿಸಿ. ಮೂರು ತಂತಿಗಳಲ್ಲಿ ಯಾವುದಾದರೂ ಎರಡರ ನಡುವೆ ಎಸಿ ವೋಲ್ಟೇಜ್ ಅಳೆಯಿರಿ, 1.414ರಿಂದ ಗುಣಿಸಿ, ಡ್ರಿಲ್ಲಿನ ಆರ್‌ಪಿಎಂ ಅನ್ನು ಆ ಉತ್ತರದಿಂದ ಭಾಗಿಸಿ. 2800 ಆರ್‌ಪಿಎಂಗೆ 2 ವೋಲ್ಟ್ ಬಂದರೆ 2800 ಭಾಗಿಸು 2.83, ಅಂದರೆ 990ಕೆವಿ. ಮೂರೂ ಜೋಡಿ ತಂತಿಗಳಲ್ಲಿ ಒಂದೇ ಓದು ಬರಬೇಕು; ಒಂದರಲ್ಲಿ ಕಡಿಮೆ ಬಂದರೆ ಸುರುಳಿ ಒಳಗೆ ಶಾರ್ಟ್ ಆಗಿದೆ. ಅಗ್ಗದ ಮೀಟರುಗಳಲ್ಲಿ ಎಸಿಯ ಅತಿ ಚಿಕ್ಕ ರೇಂಜ್ 200 ವೋಲ್ಟ್ ಇರುತ್ತದೆ, ಅದರಲ್ಲಿ ಎರಡು ವೋಲ್ಟನ್ನು ನಂಬುವಂತಿಲ್ಲ. ಆಟೋರೇಂಜ್ ಮೀಟರೇ ಬೇಕು. 400 ಹರ್ಟ್ಸ್‌ನ ಮೇಲೆ ಅನೇಕ ಮೀಟರುಗಳು ತಪ್ಪು ಹೇಳುವುದರಿಂದ, 14 ಅಯಸ್ಕಾಂತದ ಮೋಟಾರನ್ನು 3000 ಆರ್‌ಪಿಎಂ ದಾಟಿಸಬೇಡಿ.

ಬೈಡೈರೆಕ್ಷನಲ್ ಡಿಶಾಟ್ (ಮೋಟಾರಿನ ವೇಗವನ್ನು ಹಾರಾಟ ನಿಯಂತ್ರಕಕ್ಕೆ ಮರಳಿ ತಿಳಿಸುವ ವ್ಯವಸ್ಥೆ) ಇರುವ ಇಎಸ್‌ಸಿ ಇದ್ದರೆ ಇಷ್ಟೆಲ್ಲ ಬೇಕಿಲ್ಲ. ಪ್ರೊಪೆಲ್ಲರ್ ತೆಗೆದು (ಇದರಲ್ಲಿ ರಾಜಿಯೇ ಇಲ್ಲ), ಬೀಟಾಫ್ಲೈಟಿನ ಮೋಟಾರ್ಸ್ ಪುಟದಲ್ಲಿ ಒಂದೆರಡು ಸೆಕೆಂಡು ಪೂರ್ತಿ ಓಡಿಸಿ, ತೋರಿಸುವ ಆರ್‌ಪಿಎಂ ಅನ್ನು ಆ ಕ್ಷಣದ ಬ್ಯಾಟರಿ ವೋಲ್ಟೇಜಿನಿಂದ ಭಾಗಿಸಿ. ಅಯಸ್ಕಾಂತದ ಎಣಿಕೆ ಸರಿಯಾಗಿ ತುಂಬಿರಬೇಕು. 14ರ ಜಾಗದಲ್ಲಿ 12 ಇದ್ದರೆ ಉತ್ತರವೂ ಶೇ 17ರಷ್ಟು ಹೆಚ್ಚು ತೋರುತ್ತದೆ.

ಹೊಸದಿದ್ದಾಗ ಅಳೆದಿಟ್ಟ ಸಂಖ್ಯೆಗೆ ಮುಂದೆಯೂ ಬೆಲೆಯಿದೆ. ಅತಿಯಾಗಿ ಕಾದ ಅಯಸ್ಕಾಂತ ತನ್ನ ಬಲ ಕಳೆದುಕೊಳ್ಳುತ್ತದೆ. ಸಾಮಾನ್ಯ ದರ್ಜೆಯ ನಿಯೋಡಿಮಿಯಂಗೆ 80 ಡಿಗ್ರಿಯೇ ಮಿತಿ, ಎಸ್‌ಎಚ್ ದರ್ಜೆಯದು 150ರವರೆಗೆ ತಾಳುತ್ತದೆ. ಬಲ ಕಳೆದ ಮೋಟಾರಿನ ಕೆವಿ ಇಳಿಯುವುದಿಲ್ಲ, ಏರುತ್ತದೆ! ಎದುರು ವೋಲ್ಟೇಜ್ ಹುಟ್ಟಿಸುವ ತ್ರಾಣ ಕುಗ್ಗಿದ್ದರಿಂದ ಖಾಲಿ ಇದ್ದಾಗ ಜೋರಾಗಿ ಓಡುತ್ತದೆ, ರೆಕ್ಕೆ ಕಟ್ಟಿದ ಕೂಡಲೇ ಸೋಲುತ್ತದೆ, ಹೆಚ್ಚು ಕರೆಂಟು ಎಳೆದು ಇನ್ನಷ್ಟು ಕಾಯುತ್ತದೆ. ಉಳಿದ ಮೂರಕ್ಕಿಂತ ಒಂದರ ಕೆವಿ ಶೇ 8–10 ಮೇಲೆ ಬಂದಿದ್ದರೆ ಅದನ್ನು ಬದಲಿಸಿ. ಅದೇ ಮಾದರಿ, ಅದೇ ಕೆವಿ ಎಂದು ಕೊಂಡರೂ ಬೇರೆ ಬ್ಯಾಚಿನ ಮೋಟಾರು ಕೊಂಚ ಬೇರೆಯೇ ಇರಬಹುದು, ಹಾಗಾಗಿ ಮೊದಲ ಸಲವೇ ನಾಲ್ಕರ ಬದಲು ಐದು ತಂದಿಟ್ಟುಕೊಳ್ಳುವುದು ಲೇಸು.