ಗೋಡೆಯಿಂದ ಅಡುಗೆಮನೆಗೆ ಬಂದ ಯುದ್ಧದ ಪೋಸ್ಟರ್

1914ರಲ್ಲಿ ಮೊದಲ ಮಹಾಯುದ್ಧ ಶುರುವಾದಾಗ ಬ್ರಿಟನ್ನಿನಲ್ಲಿ ಕಡ್ಡಾಯ ಸೇನಾ ಸೇವೆ ಇರಲಿಲ್ಲ. ಸೈನಿಕರು ಬೇಕು ಅಂದ್ರೆ ಜನರನ್ನೇ ಕೇಳಬೇಕು. ಮನೆಗಳಲ್ಲಿ ರೇಡಿಯೋ ಇಲ್ಲದ ಕಾಲ, ಹಾಗಾಗಿ ಸರ್ಕಾರ ಗೋಡೆಗಳ ಮೂಲಕ ಮಾತಾಡಿತು. ಯುದ್ಧ ಮಂತ್ರಿ ಲಾರ್ಡ್ ಕಿಚನರ್ ನೋಡುವವರತ್ತ ನೇರ ಬೆರಳು ತೋರಿಸುವ ಚಿತ್ರವನ್ನು ಆಲ್‌ಫ್ರೆಡ್ ಲೀಟ್ ಬರೆದದ್ದು ಆಗಲೇ. 1917ರಲ್ಲಿ ಅಮೆರಿಕ ಅದೇ ಭಂಗಿಯನ್ನು ತನ್ನ ದೇಶದ ಸಂಕೇತವಾದ ಕಾಲ್ಪನಿಕ ವ್ಯಕ್ತಿ ಅಂಕಲ್ ಸ್ಯಾಮ್‌ಗೆ ಕೊಟ್ಟಿತು. ಅದರ 40 ಲಕ್ಷಕ್ಕೂ ಜಾಸ್ತಿ ಪ್ರತಿ ಅಚ್ಚಾದವು.

ನನ್ನನ್ನು ಜಾಸ್ತಿ ಕಾಡುವುದು 1915ರ ಇನ್ನೊಂದು ಪೋಸ್ಟರ್. ಅಪ್ಪನ ತೊಡೆಯ ಮೇಲೆ ಮಗಳು, ಕೆಳಗೆ ಆಟದ ಸೈನಿಕರನ್ನು ಜೋಡಿಸುತ್ತಿರುವ ಮಗ. "ಅಪ್ಪಾ, ಮಹಾಯುದ್ಧದಲ್ಲಿ ನೀನೇನು ಮಾಡಿದೆ?" ಅನ್ನೋದು ಪ್ರಶ್ನೆ. ಮಕ್ಕಳ ಬಾಯಿಂದ ನಾಚಿಕೆ ಹುಟ್ಟಿಸುವುದು ಕ್ರೂರ ಅಲ್ವಾ? ಇಷ್ಟೆಲ್ಲ ಆದರೂ ಜನ ಸಾಲಲಿಲ್ಲ, 1916ರಲ್ಲಿ ಕಡ್ಡಾಯ ಸೇವೆಯ ಕಾನೂನು ಬಂತು.

ಎರಡನೇ ಯುದ್ಧದಲ್ಲಿ ಆ ಕಾನೂನು ಮೊದಲೇ ಇತ್ತು. ಈಗ ಬೇಕಾಗಿದ್ದದ್ದು ಮನೆಯಲ್ಲಿ ಉಳಿದವರ ಮನಸ್ಸು. 1939ರಲ್ಲಿ ಬ್ರಿಟನ್ನಿನ ಮಾಹಿತಿ ಸಚಿವಾಲಯ "ನಿಮ್ಮ ಧೈರ್ಯ, ನಿಮ್ಮ ಉಲ್ಲಾಸ, ನಿಮ್ಮ ದೃಢತೆ ನಮಗೆ ಗೆಲುವು ತರುತ್ತದೆ" ಅಂತ ಗೋಡೆಗಳಿಗೆ ಅಂಟಿಸಿತು. ಎಡವಿದ್ದು ಇಲ್ಲೇ. ಕಷ್ಟಪಡುವವರು ನಾವು, ಗೆಲುವು ಮಾತ್ರ ನಿಮ್ಮದಾ ಅನ್ನುವ ಹಾಗೆ ಜನರಿಗೆ ಕೇಳಿಸಿತು. ಅದರ ಜೊತೆಗೇ ತಯಾರಾದ, ಇವತ್ತು ಚಹಾದ ಕಪ್‌ಗಳು, ಟೀಶರ್ಟುಗಳ ಮೇಲೆಲ್ಲ ಕಾಣುವ "ಕೀಪ್ ಕಾಮ್ ಆಂಡ್ ಕ್ಯಾರಿ ಆನ್" (ಸಮಾಧಾನದಿಂದಿರಿ, ನಿಮ್ಮ ಕೆಲಸ ಮುಂದುವರಿಸಿ) ಪೋಸ್ಟರ್ ಸುಮಾರು 25 ಲಕ್ಷ ಪ್ರತಿ ಅಚ್ಚಾಗಿ, ದೊಡ್ಡ ಬಾಂಬ್ ದಾಳಿ ಆದಾಗ ಹಾಕೋಣ ಅಂತ ಎತ್ತಿಟ್ಟು, ಕೊನೆಗೆ ಹೆಚ್ಚಿನವು ರದ್ದಿಗೆ ಹೋದವು. ಆ ಯುದ್ಧ ಕಂಡ ಬಹುಪಾಲು ಜನ ಅದನ್ನು ನೋಡಿಯೇ ಇರಲಿಲ್ಲ. 2000ರಲ್ಲಿ ಇಂಗ್ಲೆಂಡಿನ ಆನಿಕ್ ಊರಿನ ಹಳೇ ಪುಸ್ತಕದಂಗಡಿಯೊಂದರಲ್ಲಿ ಒಂದು ಪ್ರತಿ ಸಿಕ್ಕ ಮೇಲೆಯೇ ಅದು ಇಷ್ಟು ಪ್ರಸಿದ್ಧವಾದದ್ದು.

ಜನ ಕಿವಿಗೊಟ್ಟದ್ದು ಸುಮ್ನೆ ಧೈರ್ಯ ಹೇಳುವ ಮಾತಿಗಲ್ಲ, ಕೈಗೆ ಕೆಲಸ ಕೊಡುವ ಮಾತಿಗೆ ಅಂತ ನನಗನ್ನಿಸುತ್ತದೆ. ಆಹಾರ ತರುವ ಹಡಗುಗಳನ್ನು ಜರ್ಮನ್ ಜಲಾಂತರ್ಗಾಮಿಗಳು ಮುಳುಗಿಸುತ್ತಿದ್ದಾಗ "ಗೆಲುವಿಗಾಗಿ ಅಗೆಯಿರಿ" ಅನ್ನುವ ಪೋಸ್ಟರಿನಲ್ಲಿ ಇದ್ದದ್ದು ಸಲಿಕೆಯ ಮೇಲೆ ಒತ್ತಿದ ಒಂದು ಕಾಲು, ಅಷ್ಟೇ. ಲಂಡನ್ ಟವರ್ ಕೋಟೆಯ ಕಂದಕದಲ್ಲೂ ತರಕಾರಿ ಬೆಳೆದರು.

ಅಮೆರಿಕದ ಪೋಸ್ಟರುಗಳು ಬಾಣಲೆಯನ್ನೂ ಬಿಡಲಿಲ್ಲ. ಕರಿದು ಉಳಿದ ಕೊಬ್ಬನ್ನು ಡಬ್ಬಿಯಲ್ಲಿ ತುಂಬಿ ಮಾಂಸದಂಗಡಿಗೆ ಕೊಡಿ ಅಂದವು. ಆ ಕೊಬ್ಬಿನಿಂದ ಗ್ಲಿಸರಿನ್, ಗ್ಲಿಸರಿನ್ನಿನಿಂದ ಸ್ಫೋಟಕ. ಒಂದು ಪೋಸ್ಟರಿನಲ್ಲಂತೂ ಹೆಂಗಸಿನ ಕೈ ಬಾಣಲೆಯಿಂದ ಕೊಬ್ಬು ಸುರಿಯುತ್ತಿದೆ, ಅದು ಕೆಳಗೆ ಬಾಂಬುಗಳಾಗಿ ಬೀಳುತ್ತಿದೆ.